ಪಾನ್‌ದಾನ ತಿಕ್ಕಿದ ಸುದ್ದಿ ಮೊದಲು ಕೇಳವ್ವಾ, ದುಡ್ಡಿನ ಮಾತು ಆಮೇಲೆ

ಅವ್ವಾ, ನಮ್ಮ ಮನೆಯವರ ಗುಂಪಿಗೆ ನೀನು ಹಾಕಿದ ಮೆಸೇಜು ಬೆಳಗ್ಗೆಯೇ ಬಂತು. ರೊಟ್ಟಿ ಬಡಿಯುತ್ತಿದ್ದೆ, ಕೈತುಂಬ ಹಿಟ್ಟು, ಅದಕ್ಕೆ ಆಗಲೇ ಉತ್ತರ ಕೊಡಲಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಟೈಪ್ ಮಾಡುವುದು ನನಗೆ ಕಷ್ಟ, ಮಾತಾಡಿಯೇ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ. ಬೀದರ್ ಮಾಮಾನೂ ಕೇಳಲಿ, ಆ ಮನೆ ಅವನಿಗೂ ಗೊತ್ತು.

ನೀನು ಹೇಳಿದ್ದು ಇಷ್ಟು, ಅಲ್ವಾ? ನಿನ್ನ ಮಗ ಟ್ಯೂಷನ್ ಮುಗಿಸಿ ಗೆಳೆಯನ ಮನೆ ಮಾಳಿಗೆ ಹತ್ತಿದ್ದ. ಆ ಹುಡುಗ ವಿಡಿಯೊ ತೆಗಿ ಅಂತ ತನ್ನ ಫೋನು ಇವನ ಕೈಗೆ ಕೊಟ್ಟ. ಅದು ಜಾರಿ ಕೆಳಗೆ ಅಂಗಳದ ಶಹಾಬಾದ್ ಫರ್ಸಿ ಮೇಲೆ ಬಿತ್ತು. ಡಿಸ್ಪ್ಲೇ ಪುಡಿಪುಡಿ. ಈಗ ಆ ಹುಡುಗನ ತಾಯಿ, ರಿಪೇರಿಗೆ 6,800 ರೂಪಾಯಿ ಕೇಳಿದ್ದಾರೆ ಅಂತ ನಿನಗೆ ಮೆಸೇಜು ಹಾಕಿದ್ದಾರೆ. ಅಳಿಯಂದಿರು, ಫೋನು ಕೊಟ್ಟವನೇ ಅವನು, ನಾವ್ಯಾಕೆ ಕೊಡಬೇಕು, ಬಹಳ ಅಂದರೆ ಅರ್ಧ ಕೊಡೋಣ ಅಂತಾರೆ. ನಿನಗೆ ಏನೂ ತೋಚದೆ ನಾಲ್ಕು ದಿನದಿಂದ ಅವರಿಗೆ ಉತ್ತರವನ್ನೇ ಕೊಟ್ಟಿಲ್ಲ.

ಆ ನಾಲ್ಕು ದಿನ ಅಂದಿದ್ದು ಕೇಳಿ ನನ್ನ ಎದೆ ಧಸಕ್ಕೆಂದಿತು. ಸುಮ್ನೆ ಕೂರಬೇಡ ಅವ್ವಾ. ಅವರೇ ಮರೆಯುತ್ತಾರೆ ಅಂತ ಕೂರಬೇಡ. ಯಾರೂ ಮರೆಯುವುದಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದಾಗಿನ ಮಾತು, 1979. ಅಪ್ಪನಿಗೆ ಬೀದರಿಗೆ ವರ್ಗ ಆಗಿತ್ತು. ಚೌಬಾರಾದ ಹತ್ತಿರ ಬಾಡಿಗೆ ಮನೆ, ಆ ಮನೆಯಲ್ಲಿ ನಾವೆಲ್ಲ ಹೇಗಿದ್ದೆವು ಅಂತ ನಿಮ್ಮವ್ವ ಹೇಳಿರುತ್ತಾಳೆ. ಶಾಲೆಯ ಗ್ಯಾದರಿಂಗ್ ಬಂತು. ಮನೆಯಲ್ಲಿರುವ ಹಳೇ ಸಾಮಾನು ತಂದು ಇಡಬೇಕು ಅಂತ ಹೇಳಿದರು. ನಮ್ಮ ಮನೆಯಲ್ಲಿ ಅಂಥದ್ದು ಏನಿತ್ತು? ನನ್ನ ಬೆಂಚಿನ ಗೆಳತಿ ಅವಳ ಆಯಿಯ, ಅಂದರೆ ಅಜ್ಜಿಯ, ಬಿದರಿ ಪಾನ್‌ದಾನ ತಂದಳು, ಎಲೆ ಅಡಿಕೆ ಇಡುವ ಡಬ್ಬಿ. ಆಯಿಗೆ ಮದುವೆಯಲ್ಲಿ ಅವರ ತವರಿನವರು ಕೊಟ್ಟಿದ್ದು. ಕಪ್ಪು ಮುಚ್ಚಳ, ಅದರ ಮೇಲೆ ಬೆಳ್ಳಿ ತಂತಿ ಕೂರಿಸಿ ಮಾಡಿದ ಬಳ್ಳಿ, ಬಳ್ಳಿಯ ತುದಿಗೊಂದು ಹೂ. ಮೇಜು ಜೋಡಿಸುವ ಕೆಲಸ ನನ್ನದಾಗಿತ್ತು. ಒಂದು ರಾತ್ರಿ ನಿನ್ನ ಹತ್ತಿರ ಇಟ್ಟುಕೋ, ಬೆಳಗ್ಗೆ ತಾ, ಅಂತ ಕೊಟ್ಟಳು.

ಆ ದಿನ ನಮ್ಮವ್ವ ಹಿತ್ತಲಲ್ಲಿ ಹಿತ್ತಾಳೆಯ ದೀಪದ ಸಮೆ, ತಂಬಿಗೆ ಎಲ್ಲ ತಿಕ್ಕಿ ಬಿಸಿಲಿಗೆ ಇಟ್ಟಿದ್ದಳು. ಬಂಗಾರದಂತೆ ಹೊಳೆಯುತ್ತಿದ್ದವು. ಪಾನ್‌ದಾನವೂ ಹಾಗೆ ಹೊಳೆಯಲಿ, ಎಲ್ಲರಿಗಿಂತ ನಮ್ಮ ಮೇಜು ಚಂದ ಕಾಣಲಿ ಅಂತ ನನಗೆ ಆಸೆ. ಉಳಿದ ಹುಣಸೆಹಣ್ಣು, ಉಪ್ಪು, ಒಲೆ ಬೂದಿ ತೆಗೆದುಕೊಂಡು ತೆಂಗಿನ ನಾರಿನಿಂದ ತಿಕ್ಕಿದೆ. ಮೊದಲು ಬೆಳ್ಳಿ ಫಳಫಳ ಅಂದಿತು. ಖುಷಿಯಾಗಿ ಇನ್ನೂ ಜೋರಾಗಿ ತಿಕ್ಕಿದೆ. ನೀರು ಹಾಕಿದೆ. ಕಲ್ಲಿನ ಮೇಲೆ ಕರ್ರಗಿನ ನೀರು ಹರಿಯಿತು. ಒರೆಸಿ ನೋಡುತ್ತೇನೆ, ಮುಚ್ಚಳದ ಕಪ್ಪೆಲ್ಲ ಹೋಗಿ ಹಳೇ ಅಲ್ಯೂಮಿನಿಯಂ ಡಬ್ಬಿಯ ಬಣ್ಣ ಬಂದಿದೆ. ಬೆಳ್ಳಿಯೂ ಬಿಳಿ, ಸುತ್ತಲೂ ಬಿಳಿ. ಬಳ್ಳಿ ಎಲ್ಲಿದೆ, ಹೂ ಎಲ್ಲಿದೆ ಅಂತಲೇ ಕಾಣಿಸಲಿಲ್ಲ.

ಬಿದರಿಯನ್ನು ಹುಣಸೆಯಿಂದ ತಿಕ್ಕಬಾರದು ಅಂತ ನನಗೆ ಯಾರು ಹೇಳಿದ್ದರು? ಅದು ಹಿತ್ತಾಳೆಯಲ್ಲ. ಸತು ಸುಮಾರು 16 ಪಾಲು ಇದ್ದರೆ ತಾಮ್ರ 1 ಪಾಲು. ಆ ಕಪ್ಪು ಮೇಲೆ ಹಚ್ಚಿದ ಬಣ್ಣವೂ ಅಲ್ಲ, ಬೀದರ್ ಕೋಟೆಯ ಮಣ್ಣಿನಿಂದ ಬರುವ ಕಪ್ಪು. ಹುಳಿ ತಾಗಿದರೆ ಸತುವನ್ನು ತಿನ್ನುತ್ತದೆ. ಇದೆಲ್ಲ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ.

ಅಲ್ಲಿಯವರೆಗೆ ನಾನು ಮಾಡಿದ್ದು ತಪ್ಪಲ್ಲ ಅವ್ವಾ, ಗೊತ್ತಿಲ್ಲದೆ ಆಗಿದ್ದು. ನಿನ್ನ ಮಗನ ಕೈ ಜಾರಿದ ಹಾಗೆ. ತಪ್ಪು ಆದದ್ದು ಅದರ ನಂತರ. ಲಾಟೀನಿನ ಗಾಜಿನೊಳಗಿನ ಮಸಿ ಕೆರೆದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಮುಚ್ಚಳಕ್ಕೆಲ್ಲ ಹಚ್ಚಿ ಬಟ್ಟೆಯಿಂದ ಒರೆಸಿದೆ. ಕಪ್ಪು ಕಂಡಿತು. ಮರುದಿನ ಮೇಜಿನ ಮೇಲೆ ಇಟ್ಟೆ, ಸಂಜೆ ಬಟ್ಟೆಯಲ್ಲಿ ಸುತ್ತಿ ಗೆಳತಿಗೆ ವಾಪಸ್ ಕೊಟ್ಟೆ. ಒಂದು ಮಾತು ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ.

ಮೂರು ವಾರ ಆದ ಮೇಲೆ ಅವರ ಮನೆಗೆ ಬೀಗರು ಬಂದರು. ಆಯಿ ಎಲೆ ಕೊಡಲು ಪಾನ್‌ದಾನ ತೆಗೆದರು. ಅವರ ಬೆರಳಿಗೆಲ್ಲ ಮಸಿ, ಬಿಳಿ ಸೀರೆಯ ಸೆರಗಿಗೂ ಮಸಿ. ಪೆಟ್ಟು ತಿಂದದ್ದು ಆ ಹುಡುಗಿ. ಅವಳು ನನ್ನ ಹೆಸರು ಹೇಳಿದಳು, ಹೇಳಲೇಬೇಕಲ್ಲ. ಅವಳ ಕಾಕಾ ನಮ್ಮ ಮನೆಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ, ಏನಾಯ್ತು ಹೇಳವ್ವಾ ಅಂತ ಮೆತ್ತಗೆ ಕೇಳಿದರು. ಅಪ್ಪನಿಗೆ ಭಯ. ಬೆಳ್ಳಿ ಸಾಮಾನು, ಎಷ್ಟು ಕೇಳುತ್ತಾರೋ ಅಂತ. ನಿಮ್ಮ ಮನೆಯಲ್ಲೇ ಆಗಿರಬೇಕು, ನಮ್ಮ ಹುಡುಗಿ ಅಂಥವಳಲ್ಲ ಅಂದುಬಿಟ್ಟ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬಂದು ಹೌದು ಅನ್ನಲು ಕಾಲು ಏಳಲಿಲ್ಲ. ಕಾಕಾ ಎದ್ದು ಚಪ್ಪಲಿ ಹಾಕಿಕೊಂಡು ಹೋದರು. ಕೊಟ್ಟ ಚಹಾ ಹಾಗೇ ಉಳಿದಿತ್ತು.

ಪರೀಕ್ಷೆ ಮುಗಿಯುವವರೆಗೆ ಒಂದೇ ಬೆಂಚಿನಲ್ಲಿ ಕೂತೆವು, ಮಾತಿಲ್ಲ. ಆಮೇಲೆ ಅಪ್ಪನಿಗೆ ಗುಲಬರ್ಗಾಕ್ಕೆ ವರ್ಗ ಆಯ್ತು.

ಇನ್ನೊಂದು ಕೇಳು. 1996ರಲ್ಲಿ ಮಾಮಾನ ಮನೆಯ ತೊಟ್ಟಿಲ ಕಾರ್ಯಕ್ಕೆ ಬೀದರಿಗೆ ಹೋಗಿದ್ದೆ. ಒಬ್ಬ ಬಿದರಿ ಕೆಲಸದವರು ಅಂಗಡಿ ಮುಂದೆ ಕೂತು ಒಂದು ಹೂದಾನಿ ಕಾಯಿಸುತ್ತಿದ್ದರು. ಅದೂ ಮೊದಲು ಬೂದಿ ಬಣ್ಣವೇ. ಕೋಟೆ ಮಣ್ಣನ್ನೂ ನವಸಾಗರ ಅನ್ನುವ ಲವಣವನ್ನೂ ನೀರಿನಲ್ಲಿ ಕಲಸಿ ಅದಕ್ಕೆ ಹಚ್ಚಿ ತಿಕ್ಕಿದರು. ನಾನು ನೋಡುತ್ತಿದ್ದ ಹಾಗೆ ಸುತ್ತಲೂ ಕಪ್ಪಾಯ್ತು, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯಿತು. ತೊಳೆದು ಎಣ್ಣೆ ಸವರಿದರು. ಹಳೇ ಸಾಮಾನಿನ ಕಪ್ಪು ಹೋಗಿದ್ದರೆ ಬರುತ್ತದಾ ಅಂತ ಕೇಳಿದೆ. ತನ್ನಿ ಅಕ್ಕಾ, ನೀವು ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತೇನೆ ಅಂದರು. ನಮ್ಮ ಬಾಡಿಗೆ ಮನೆಯಿಂದ ಅಂಥವರ ಅಂಗಡಿ ನಡೆದು ಹೋಗುವಷ್ಟು ದೂರ ಇತ್ತು. ವಾಪಸ್ ಬರುವಾಗ ಹುಮನಾಬಾದ್ ದಾಟಿ ಕಮಲಾಪುರ ಬರುವವರೆಗೂ ಬಸ್ಸಿನಲ್ಲಿ ಅತ್ತೆ. ಒಂದು ಚಹಾದ ಹೊತ್ತಿನ ಕೆಲಸಕ್ಕೆ ಒಬ್ಬ ಗೆಳತಿಯನ್ನು ಕಳೆದುಕೊಂಡೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಸುಮ್ನೆ ಕೂರಬೇಡ. ಅವರೇ ಮರೆಯುತ್ತಾರೆ ಅಂತ ಕೂರಲೇಬೇಡ. ಅಳಿಯಂದಿರೂ ಇದನ್ನು ಕೇಳಲಿ, ಅವರ ಮೇಲೆ ಸಿಟ್ಟಲ್ಲ ನನಗೆ. ನಮ್ಮಪ್ಪನೂ ಕೆಟ್ಟವನಲ್ಲ.

ಸಾಮಾನು ಹೋದದ್ದಕ್ಕಿಂತ, ಯಾರೂ ಬಾಯಿ ಬಿಡದೆ ಇರುತ್ತಾರಲ್ಲ, ಅದು ಜಾಸ್ತಿ ಸುಡುತ್ತದೆ. ಈ ಗುಂಪಿನಲ್ಲೇ ಹೇಳುತ್ತೇನೆ, ಇವತ್ತು ಹೇಳದಿದ್ದರೆ ಇನ್ನು ಯಾವಾಗ? ನಮ್ಮವ್ವನ ತಾಮ್ರದ ಹಂಡೆ ಎಲ್ಲರಿಗೂ ಗೊತ್ತು. ದೀಪಾವಳಿಗೆ ಎಣ್ಣೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ಹಂಡೆ. ನಿಮ್ಮನ್ನೆಲ್ಲ ಅದರ ನೀರಿನಲ್ಲೇ ಎರೆದಿದ್ದೇನೆ. ಎರಡು ವರ್ಷದ ಹಿಂದೆ ಕುಬಸಕ್ಕೆ, ಅದೇ ಸೀಮಂತಕ್ಕೆ, ಅಂತ ತೆಗೆದುಕೊಂಡು ಹೋದರು. ವಾಪಸ್ ಬಂದಾಗ ಹೊಟ್ಟೆಯ ಹತ್ತಿರ ಅಂಗೈಯಷ್ಟು ತಗ್ಗು, ಕಂಠದಲ್ಲಿ ಸೀಳು. ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಅಂಗಳದಲ್ಲಿ ಇಟ್ಟು ಹೋಗಿದ್ದರು. ಯಾರು ಅಂತ ಹೇಳುವುದಿಲ್ಲ. ಅವರು ಹಣ ಕೊಡಲಿ ಅಂತ ನಾನು ಯಾವತ್ತೂ ಬಯಸಿಲ್ಲ, ಬೆಸುಗೆ ಹಾಕಿಸಿದ್ದೂ ನಾನೇ. ಅದಾದ ಮೇಲೆ ಎರಡು ಸಲ ನಮ್ಮ ಮನೆಗೆ ಬಂದು ಊಟ ಮಾಡಿ ಹೋದರು. ಅತ್ತೀ, ಹಂಡೆಗೆ ಪೆಟ್ಟಾಯ್ತು, ಅನ್ನುವ ಮಾತು ಬರಲಿಲ್ಲ. ಎರಡು ದೀಪಾವಳಿ ಹೋದವು, ಅದರಲ್ಲಿ ನೀರು ತುಂಬಲು ನನಗೆ ಮನಸ್ಸೇ ಆಗಿಲ್ಲ.

ಇರಲಿ. ನೀನು ಕೇಳಿದ್ದು ಹಣ ಯಾರು ಕೊಡಬೇಕು ಅಂತ.

ನನ್ನ ಮಾತು ಇಷ್ಟೇ. ಯಾರ ಕೈಯಿಂದ ಬಿತ್ತೋ ಅವರು ರಿಪೇರಿ ಮಾಡಿಸಿಕೊಡಬೇಕು. ಆ ಹುಡುಗ ಕೊಟ್ಟಿದ್ದು ವಿಡಿಯೊ ತೆಗೆಯಲಿಕ್ಕೆ, ಬೀಳಿಸಲಿಕ್ಕೆ ಅಲ್ಲ. ರಿಪೇರಿ ಅಂದರೆ ರಿಪೇರಿ, ಹೊಸ ಫೋನಲ್ಲ. ಕೊಡುವ ಮೊದಲು ನೀವೂ ಅವರೂ ಕೂಡಿ ಫೋನು ತೆಗೆದುಕೊಂಡು ಸೂಪರ್ ಮಾರ್ಕೆಟ್ ಪೇಟೆ ಕಡೆ ಎರಡು ಅಂಗಡಿಯಲ್ಲಿ ತೋರಿಸಿ. ಕಂಪನಿ ಸರ್ವಿಸ್ ಸೆಂಟರಿನಲ್ಲೂ ಕೇಳಿ. ಒರಿಜಿನಲ್ ಡಿಸ್ಪ್ಲೇಗೂ ಬೇರೆಯದಕ್ಕೂ ರೇಟು ಬೇರೆ ಇರುತ್ತದೆ. ಬಿದ್ದು ಒಡೆದದ್ದಕ್ಕೆ ಸಾಮಾನ್ಯ ವಾರಂಟಿ ನಡೆಯುವುದಿಲ್ಲ, ಆದರೆ ಕೆಲವರು ಫೋನು ಕೊಳ್ಳುವಾಗಲೇ ಡ್ಯಾಮೇಜ್ ಇನ್ಶುರೆನ್ಸ್ ಮಾಡಿಸಿರುತ್ತಾರೆ. ಇದೆಯಾ ಅಂತ ಒಂದು ಮಾತು ಕೇಳು, ಅನುಮಾನ ಪಟ್ಟ ಹಾಗೆ ಅಲ್ಲ. ಅಂಗಡಿಗೆ ಕೊಡುವ ಮೊದಲು ಸಿಮ್ ತೆಗೆದುಕೊಳ್ಳಲು ಅವರಿಗೆ ನೆನಪಿಸು, ಆಗುವುದಾದರೆ ಫೋಟೊಗಳನ್ನೂ. ಗಾಜು ಮೊದಲೇ ಸೀಳಿತ್ತು ಅಂತ ಅವರೇ ಹೇಳಿದರೆ ಅರ್ಧರ್ಧ ಮಾತಾಡಿ. ಹೇಳದಿದ್ದರೆ ಆ ಮಾತು ನೀವು ತೆಗೆಯಬೇಡಿ.

ಆ ಹುಡುಗ ನೋಟ್‌ಬುಕ್ಕಿನಲ್ಲಿ ಇವನಿಂದ, ಪೂರ್ತಿ ಹಣ ನಾನೇ ಕೊಡುತ್ತೇನೆ ಅಂತ ಬರೆಸಿ ಸಹಿ ಹಾಕಿಸಿಕೊಂಡ ಅಂದೆಯಲ್ಲ. ವಕೀಲರ ಆಫೀಸಿನಲ್ಲಿ ಮೂವತ್ತು ವರ್ಷ ಟೈಪ್ ಮಾಡಿದವಳು ನಾನು. 18 ತುಂಬದವರು ಮಾಡಿಕೊಟ್ಟ ಕರಾರು ನಡೆಯುವುದಿಲ್ಲ, 1872ರ ಕರಾರು ಕಾಯ್ದೆಯಲ್ಲೇ ಇದೆ. ಆ ಹಾಳೆಗೆ ನೀನು ಹೆದರಬೇಡ. ಆದರೆ ಅದು ನಡೆಯುವುದಿಲ್ಲ ಅನ್ನುವ ಮಾತು ಅವರ ಮನೆಯಲ್ಲಿ ಎತ್ತಲೂ ಬೇಡ. ಕೊಡುವುದು ಕಾಗದಕ್ಕಾಗಿ ಅಲ್ಲ. ಮತ್ತೆ, ಇವನು ಅದೇ ಗೆಳೆಯನ ಸ್ಕೂಟಿ ಕೇಳುತ್ತಿದ್ದ ಅಂತ ನೀನು ಯುಗಾದಿಗೆ ಬಂದಾಗ ಹೇಳಿದ್ದೆ. ಅದಕ್ಕೆ ಮಾತ್ರ ಬಿಡಬೇಡ. 2019ರಲ್ಲಿ ಮೋಟಾರು ಕಾಯ್ದೆ ಬಿಗಿ ಮಾಡಿದ್ದಾರೆ. 18 ತುಂಬದ ಹುಡುಗರು ಗಾಡಿ ಹೊಡೆದು ಸಿಕ್ಕಿಬಿದ್ದರೆ ತಂದೆತಾಯಿಗೂ ಗಾಡಿಯವರಿಗೂ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ ಇದೆ.

ಹಣ ಈಗ ನೀವು ಪೂರ್ತಿ ಕೊಡಿ, ಅವರು ಕಾಯುವುದು ಬೇಡ. ಆಮೇಲೆ ನಿನ್ನ ಮಗನಿಂದ ತಿಂಗಳಿಗೆ 200 ರೂಪಾಯಿ ತೆಗೆದುಕೋ, ಶರಣಬಸವೇಶ್ವರ ಜಾತ್ರೆಗೆ ನಾನು ಕೊಟ್ಟ ದುಡ್ಡು ಇನ್ನೂ ಇದೆ ಅಂದಿದ್ದ. ಅಷ್ಟೂ ಅವನೇ ತೀರಿಸಬೇಕು ಅಂತಿಲ್ಲ, ಒಂದು ಪಾಲು ಅವನ ಕೈಯಿಂದ ಹೋಗಲಿ. ಹೊಡೆಯಬೇಡ, ನಾಲ್ಕು ಜನರ ಮುಂದೆ ಬಯ್ಯಬೇಡ.

ಫೋನ್‌ಪೇ ಮಾಡಿ ಮುಗಿಸಬೇಡ, ಅವನನ್ನು ಜೊತೆಗೆ ಕರೆದುಕೊಂಡು ಹೋಗು. ಮಾತು ಅವನೇ ಶುರು ಮಾಡಲಿ. ಅಮ್ಮಾ, ನನ್ನ ಕೈಯಿಂದ ಬಿತ್ತು, ನಾಲ್ಕು ದಿನ ಹೇಳಲಿಕ್ಕೆ ಹೆದರಿದೆ, ಅಷ್ಟು ಸಾಕು. ಉಳಿದದ್ದು ನೀನು ಮಾತಾಡು. ಹೇಗೂ ನಾಳೆ ಭಾನುವಾರ, ಅವರು ಮನೆಯಲ್ಲಿರುತ್ತಾರೆ. ಬಿಸಿಲು ಇಳಿದ ಮೇಲೆ ಐದಕ್ಕೆ ಹೊರಡಿ. ಶೇಂಗಾ ಹೋಳಿಗೆ ಮಾಡಿದ್ದೇನೆ, ಹೋಗುವಾಗ ನಮ್ಮ ಮನೆಗೆ ಬಂದು ಒಂದು ಡಬ್ಬಿ ತೆಗೆದುಕೊಂಡು ಹೋಗು. ಈಗಲೇ ಅವರಿಗೆ, ನಾಳೆ ಬರುತ್ತೇವೆ ಅಂತ ಒಂದು ಮೆಸೇಜು ಹಾಕು. ಹಾಕಿದ ಮೇಲೆ ಇಲ್ಲಿ ಹೇಳು, ನಾನು ಫೋನು ಹಿಡಿದುಕೊಂಡೇ ಕೂತಿರುತ್ತೇನೆ.