ಅಪ್‌ಡೇಟ್: ಚರ್ಚಿನ ಸಂಜೆಗೆ ವೂಲ್ಟನ್ ಪೈ ಮಾಡಿದೆ

ಇಂಗ್ಲೆಂಡಿನ ನಮ್ಮ ಚರ್ಚಿನ ಮಹಿಳಾ ಕೂಟದವರು ಎರಡನೇ ಮಹಾಯುದ್ಧದ ಕಾಲದ ಊಟದ ಸಂಜೆ ಇಟ್ಟಿದ್ದಾರೆ, 30 ಜನಕ್ಕೆ ಏನು ಮಾಡಲಿ ಎಂದು ಹೋದ ತಿಂಗಳು ಕೇಳಿದ್ದೆ. ವೂಲ್ಟನ್ ಪೈ ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದನ್ನೇ ಮಾಡಿದೆ. ಆಗಿನ ಆಹಾರ ಮಂತ್ರಿ ಲಾರ್ಡ್ ವೂಲ್ಟನ್ ಹೆಸರಿನ ತಿಂಡಿ ಅದು, ತರಕಾರಿಯ ಮೇಲೆ ಹೊದಿಕೆ ಹಾಕಿ ಓವನ್‌ನಲ್ಲಿ ಬೇಯಿಸುವುದು, ಮಾಂಸವೇ ಇಲ್ಲ.

ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಸ್ವೀಡ್ ಗಡ್ಡೆ (ಟರ್ನಿಪ್ ಜಾತಿಯದು) ಸಮಸಮ. ಮುಳುಗುವಷ್ಟೇ ನೀರಿಟ್ಟು, ಗಟ್ಟಿಯಾಗಲು ಒಂದಿಷ್ಟು ಓಟ್ಸ್. ಮನೆಯಲ್ಲಿ ಮೊದಲ ಸಲ ಮಾಡಿದಾಗ ಬರೀ ಸಪ್ಪೆ. ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿಬಿಡೋಣ ಅನ್ನಿಸಿತು, ತಡೆದುಕೊಂಡೆ. ಎರಡನೇ ಸಲ ಒಂದು ಚಮಚ ಮಾರ್ಮೈಟ್ (ಯೀಸ್ಟಿನಿಂದ ಮಾಡಿದ ಉಪ್ಪುಪ್ಪಾದ ಕಪ್ಪು ಪೇಸ್ಟ್), ಜಾಸ್ತಿ ಈರುಳ್ಳಿ ಸೊಪ್ಪು ಹಾಕಿದ ಮೇಲೆ ರುಚಿ ಕೂಡಿತು. ಮೇಲೆ ಆಲೂಗಡ್ಡೆ ಹೊದಿಕೆ, ಜೊತೆಗೆ ಬಿಸಿ ಗ್ರೇವಿ.

ಮೇಜಿನ ಮೇಲೆ ಯುದ್ಧಕಾಲದ ರೇಷನ್‌ನಲ್ಲಿ ಒಬ್ಬರಿಗೆ ಸಿಗುತ್ತಿದ್ದ ವಾರದ ಪಾಲಿನಲ್ಲಿ ಕೆಲವನ್ನು ತಟ್ಟೆಯಲ್ಲಿ ಜೋಡಿಸಿದ್ದೆವು: ಬೆಣ್ಣೆ 2 ಔನ್ಸ್ (57 ಗ್ರಾಂ), ಚಹಾಪುಡಿ 2 ಔನ್ಸ್, ಸಕ್ಕರೆ 8 ಔನ್ಸ್, ಮೊಟ್ಟೆ 1. ಎಲ್ಲರೂ ಸುಮ್ಮನೆ ನಿಂತು ನೋಡಿದರು. 1940ರಲ್ಲಿ ಶುರುವಾದ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಅದನ್ನು ಚಿಕ್ಕಂದಿನಲ್ಲಿ ಕಂಡ ಒಬ್ಬ ಅಜ್ಜಿ, ಬೆಣ್ಣೆ ಸುತ್ತಿದ ಕಾಗದವನ್ನೂ ಅಮ್ಮ ಎಸೆಯುತ್ತಿರಲಿಲ್ಲ, ಕೇಕಿನ ತಟ್ಟೆಗೆ ಸವರಲು ಎತ್ತಿಡುತ್ತಿದ್ದಳು ಎಂದರು. ಆ ಅಜ್ಜಿ ಪೈ ಎರಡನೇ ಸಲ ಬಡಿಸಿಕೊಂಡರು!