ವಾರ್ಡಿಗೆ ಬರುವ ಫಾರ್ಮಸಿಸ್ಟ್ ಏನು ನೋಡುತ್ತಾರೆ, ಯಾಕೆ ಕೇಳುತ್ತಾರೆ? (ಪ್ರಶ್ನೋತ್ತರ)

ಪ್ರಶ್ನೆ (ರೋಗಿಯ ಮಗಳು): ಅಮ್ಮನನ್ನು ಅಡ್ಮಿಟ್ ಮಾಡಿದ ಮರುದಿನ ಕ್ಲಿನಿಕಲ್ ಫಾರ್ಮಸಿಸ್ಟ್ ಅಂತ ಒಬ್ಬರು ಬಂದು, ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಔಷಧಿಗಳನ್ನೆಲ್ಲ ಮೊದಲಿಂದ ಕೇಳಿದರು. ಅಷ್ಟೂ ಡಾಕ್ಟರಿಗೆ ಹೇಳಿಯಾಗಿತ್ತು. ಮತ್ತೆ ಕೇಳುವುದು ಯಾಕೆ? ಔಷಧಿ ಅಂಗಡಿಯವರಿಗೂ ಇವರಿಗೂ ಏನು ವ್ಯತ್ಯಾಸ?

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್): ಮೇಡಂ, ಕೌಂಟರಿನಲ್ಲಿ ಕೂತವರ ಕೈಗೆ ಬರುವುದು ಚೀಟಿ ಮಾತ್ರ. ವಾರ್ಡಿಗೆ ಬರುವವರು ಅದೇ ಚೀಟಿಯನ್ನು ರೋಗಿಯ ತೂಕ, ಬೆಳಗಿನ ರಕ್ತಪರೀಕ್ಷೆ, ಹಿಂದಿನ ದಿನದ ಮೂತ್ರದ ಲೆಕ್ಕ, ನಿಜವಾಗಿ ಕೊಟ್ಟ ಡೋಸ್‌ಗಳು ಇವೆಲ್ಲದರ ಪಕ್ಕ ಇಟ್ಟುಕೊಂಡು ಓದುತ್ತಾರೆ. ಬರೆದ ದಿನ ಸರಿಯಿದ್ದ ಡೋಸ್ ಮೂರನೇ ದಿನಕ್ಕೆ ಹೆಚ್ಚಾಗಿರಬಹುದು, ಕಡಿಮೆಯೂ ಆಗಿರಬಹುದು. ಚೀಟಿ ಹಾಗೇ ಇರುತ್ತದೆ, ರೋಗಿಯ ಕಿಡ್ನಿ ಹಾಗೇ ಇರುತ್ತದೆ ಅಂತೇನಿಲ್ಲ.

ಮತ್ತೆ ಕೇಳಿದ್ದು ಡಾಕ್ಟರ ಮೇಲಿನ ಅನುಮಾನದಿಂದಲ್ಲ. ಅಡ್ಮಿಷನ್ ಗಡಿಬಿಡಿಯಲ್ಲಿ ಬರೆದ ಪಟ್ಟಿಯಲ್ಲಿ ಏನಾದರೊಂದು ಬಿಟ್ಟುಹೋಗುವುದು ಮಾಮೂಲು. ಅದಕ್ಕೇ ಮೊದಲ 24 ಗಂಟೆಯೊಳಗೆ, ಕನಿಷ್ಠ ಎರಡು ಕಡೆಯಿಂದ ಮಾಹಿತಿ ಪಡೆದು ಪಟ್ಟಿಯನ್ನು ಹೊಸದಾಗಿ ಮಾಡುತ್ತೇವೆ. ಮನೆಯವರು ಹೇಳಿದ್ದು ಒಂದು, ಸ್ಟ್ರಿಪ್‌ಗಳ ಚೀಲವೋ ಹಳೆಯ ಚೀಟಿಯೋ ಇನ್ನೊಂದು. "ಬಿಪಿ ಮಾತ್ರೆ ತಗೋತೀರಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗೋವರೆಗೆ ಏನೇನು ತಗೊಂಡ್ರಿ?" ಅಂದಾಗ ನಿಜ ಹೊರಗೆ ಬರುತ್ತದೆ. ಕಣ್ಣಿನ ಹನಿ, ಇನ್‌ಹೇಲರ್, ಚರ್ಮಕ್ಕೆ ಅಂಟಿಸುವ ಪ್ಯಾಚ್, ಗಿಡಮೂಲಿಕೆ, ಚೀಟಿಯಿಲ್ಲದೆ ತಂದ ನೋವಿನ ಮಾತ್ರೆ ಇವನ್ನು ಜನ ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದೊಂದನ್ನೂ ಹೆಸರು ಹೇಳಿ ಕೇಳಬೇಕು.

ಎರಡು ಔಷಧಿಗಳನ್ನಂತೂ ಎರಡೆರಡು ಸಲ ಕೇಳಿದರೂ ತಪ್ಪಿಲ್ಲ. ಒಂದು, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್. ಅದು ವಾರಕ್ಕೊಂದು ದಿನದ ಮಾತ್ರೆ. ಚಾರ್ಟಿಗೆ ಇಳಿಸುವಾಗ ಕೈತಪ್ಪಿ "ದಿನಕ್ಕೊಮ್ಮೆ" ಅಂತಾದರೆ ಬಾಯಿ ಹುಣ್ಣಾಗುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ, ಜೀವವೂ ಹೋಗಬಹುದು. ವಾರದ ಯಾವ ದಿನ ಅಂತ ಚಾರ್ಟಿನಲ್ಲಿ ಬರೆದು, ಉಳಿದ ಆರು ದಿನದ ಚೌಕಗಳಿಗೆ ಅಡ್ಡಗೆರೆ ಎಳೆದುಬಿಡುವುದು ಒಳ್ಳೆಯದು. ಇನ್ನೊಂದು, ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪ. ಮನೆಯಲ್ಲಿ 6, 10, 2, 6 ಗಂಟೆಗೆ ತೆಗೆದುಕೊಳ್ಳುವವರಿಗೆ ವಾರ್ಡಿನ ಟ್ರಾಲಿ 8, 2, 8ಕ್ಕೆ ಬಂದರೆ ಮೈ ಬಿಗಿದು, ನುಂಗುವುದೂ ಕಷ್ಟವಾಗುತ್ತದೆ. ಮನೆಯ ವೇಳೆಯನ್ನೇ ಚಾರ್ಟಿನಲ್ಲಿ ಬರೆಸಬೇಕು. ಇವರಿಗೆ ವಾಂತಿಯಾದರೆ ಮೆಟೊಕ್ಲೊಪ್ರಮೈಡ್ ಬೇಡವೇ ಬೇಡ, ಅದು ಮೆದುಳಿನಲ್ಲಿ ಡೋಪಮೈನ್ ಕೆಲಸಕ್ಕೇ ಅಡ್ಡಿ. ಇಸಿಜಿ ನೋಡಿಕೊಂಡು ಡೊಂಪೆರಿಡೋನ್ ಕೊಡಬಹುದು.

ಪ್ರಶ್ನೆ (ಹೌಸ್ ಸರ್ಜನ್): 78 ವರ್ಷದ ಅಜ್ಜಿ, ತೂಕ 45 ಕಿಲೊ, ಕ್ರಿಯೇಟಿನಿನ್ (ಕಿಡ್ನಿ ಹೊರಹಾಕುವ ಸ್ನಾಯುವಿನ ತ್ಯಾಜ್ಯ, ರಕ್ತದಲ್ಲಿ ಅಳೆಯುವುದು) 1.2. ಹೆಚ್ಚುಕಡಿಮೆ ನಾರ್ಮಲ್ ಅಲ್ಲವಾ? ಎನಾಕ್ಸಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಚುಚ್ಚುಮದ್ದು) ದಿನಕ್ಕೆರಡು ಸಲ ಬರೆದಿದ್ದೆ, ಫಾರ್ಮಸಿಸ್ಟ್ ಫೋನ್ ಮಾಡಿ ಒಂದೇ ಸಲಕ್ಕೆ ಇಳಿಸಿ ಅಂದರು.

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್): ಅವರು ಹೇಳಿದ್ದು ಸರಿ ಡಾಕ್ಟ್ರೇ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ, ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ಶುದ್ಧ ಮಾಡುತ್ತದೆ ಅನ್ನುವ ಅಂದಾಜು) ನೋಡಿ: 140ರಿಂದ ವಯಸ್ಸು ಕಳೆಯಿರಿ, ಬಂದದ್ದನ್ನು ತೂಕದಿಂದ ಗುಣಿಸಿ, 72 × ಕ್ರಿಯೇಟಿನಿನ್‌ನಿಂದ ಭಾಗಿಸಿ. ಹೆಣ್ಣಾದರೆ 0.85ರಿಂದ ಗುಣಿಸಿ. ಇಲ್ಲಿ 62 × 45 = 2790, ಅದನ್ನು 86.4ರಿಂದ ಭಾಗಿಸಿದರೆ 32.3, 0.85ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 27 ಮಿಲಿ. ಅದೇ 1.2 ಕ್ರಿಯೇಟಿನಿನ್ 30 ವರ್ಷದ, 70 ಕಿಲೊ ಗಂಡಸಿನದಾದರೆ 89 ಬರುತ್ತದೆ. ಅಜ್ಜಿಯ ಮೈಯಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕ್ರಿಯೇಟಿನಿನ್ ಹುಟ್ಟುವುದೇ ಕಡಿಮೆ. ಲ್ಯಾಬ್ ರಿಪೋರ್ಟಿನಲ್ಲಿ ಅದಕ್ಕೆ ಕೆಂಪು ಗುರುತು ಬೀಳದೇ ಇರಬಹುದು.

ಕ್ಲಿಯರೆನ್ಸ್ 30ಕ್ಕಿಂತ ಕೆಳಗಿದ್ದರೆ ರಕ್ತ ಹೆಪ್ಪುಗಟ್ಟಿದ್ದಕ್ಕೆ ಕೊಡುವ ಎನಾಕ್ಸಪಾರಿನ್ ಕಿಲೊಗೆ 1 ಮಿಗ್ರಾಂ, 12 ಗಂಟೆಗೊಮ್ಮೆ ಅಲ್ಲ, 24 ಗಂಟೆಗೊಮ್ಮೆ. ಇಳಿಸದಿದ್ದರೆ ಔಷಧ ಮೈಯಲ್ಲಿ ಉಳಿದು, ಮೂರ್ನಾಲ್ಕು ದಿನದಲ್ಲಿ ರಕ್ತಸ್ರಾವದ ರೂಪದಲ್ಲಿ ತೋರಿಸಿಕೊಳ್ಳಬಹುದು. ಇವರಿಗೇ ಮೆರೊಪೆನೆಮ್ ಅನ್ನುವ ಆ್ಯಂಟಿಬಯೋಟಿಕ್ ಬರೆದಿದ್ದರೆ ಅದೂ 1 ಗ್ರಾಂ 8 ಗಂಟೆಗೊಮ್ಮೆಯಿಂದ 12 ಗಂಟೆಗೊಮ್ಮೆಗೆ ಬರಬೇಕು. ಲ್ಯಾಬ್ ಕೊಡುವ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಸಂಖ್ಯೆಯನ್ನು ನೇರವಾಗಿ ಹಾಕಬೇಡಿ. ಅದು 1.73 ಚದರ ಮೀಟರ್ ದೇಹಕ್ಕೆ ಹೊಂದಿಸಿದ ಲೆಕ್ಕ, ಸಣ್ಣ ಮೈಯವರಲ್ಲಿ ಹೆಚ್ಚು ತೋರಿಸುತ್ತದೆ.

ಸೂತ್ರ ಕೈಕೊಡುವ ಸಂದರ್ಭಗಳೂ ಇವೆ. ಕ್ರಿಯೇಟಿನಿನ್ ನಿನ್ನೆ 1, ಇವತ್ತು 2 ಅಂತ ಏರುತ್ತಿದ್ದರೆ ಸೂತ್ರದಲ್ಲಿ ಬಂದದ್ದಕ್ಕಿಂತ ನಿಜವಾದ ಕ್ಲಿಯರೆನ್ಸ್ ಎಷ್ಟೋ ಕಡಿಮೆ. ಆಗ ಮೂತ್ರ ಎಷ್ಟು ಬಂತು ಅನ್ನುವುದನ್ನೇ ನಂಬಬೇಕು. ಲೋಡಿಂಗ್ ಡೋಸನ್ನು (ಶುರುವಿನಲ್ಲಿ ಕೊಡುವ ದೊಡ್ಡ ಡೋಸ್) ಸಾಮಾನ್ಯವಾಗಿ ಕಿಡ್ನಿ ನೋಡಿ ಇಳಿಸಬಾರದು, ಬದಲಾಗುವುದು ಆಮೇಲಿನ ಡೋಸ್‌ಗಳು. ಸೆಪ್ಸಿಸ್‌ನ (ಸೋಂಕಿನಿಂದ ಅಂಗಾಂಗಗಳಿಗೇ ಪೆಟ್ಟು ಬೀಳುವ ಸ್ಥಿತಿ) ಮೊದಲ ದಿನ ಆ್ಯಂಟಿಬಯೋಟಿಕ್ ಕತ್ತರಿಸುವ ಆತುರವೂ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಇದು: ಕಿಡ್ನಿ ಸುಧಾರಿಸಿದ ಮೇಲೂ ಇಳಿಸಿದ ಡೋಸ್ ಹಾಗೇ ಉಳಿದಿರುತ್ತದೆ. ಇಳಿಸಿದ್ದನ್ನು ಮತ್ತೆ ಏರಿಸಿ ಅಂತ ಹೇಳುವುದೂ ಫಾರ್ಮಸಿಸ್ಟ್ ಕೆಲಸವೇ.

ಪ್ರಶ್ನೆ (ಸ್ಟಾಫ್ ನರ್ಸ್): ರಕ್ತದಲ್ಲಿ ವ್ಯಾಂಕೊಮೈಸಿನ್ ಆ್ಯಂಟಿಬಯೋಟಿಕ್ ಮಟ್ಟ ನೋಡಲು ಕಳಿಸಿದ ಸ್ಯಾಂಪಲ್ ಎರಡು ಸಲ "ಮತ್ತೆ ಕಳಿಸಿ" ಅಂತ ಬಂತು. ಏನು ತಪ್ಪಾಗುತ್ತಿದೆ?

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್): ಸಿಸ್ಟರ್, ಹೆಚ್ಚಾಗಿ ತಪ್ಪುವುದು ಟೈಮಲ್ಲಿ. ಟ್ರಫ್ ಅಂದರೆ ಮುಂದಿನ ಡೋಸಿಗೆ ಮುಂಚಿನ ಅರ್ಧ ಗಂಟೆಯೊಳಗೆ ತೆಗೆದದ್ದು. ಸಾಮಾನ್ಯವಾಗಿ ನಾಲ್ಕನೇ ಡೋಸಿಗೆ ಮೊದಲು. ಔಷಧ ಹರಿದ ಲೈನಿನಿಂದ ತೆಗೆಯಬೇಡಿ, ಇನ್ನೊಂದು ಕೈಯಿಂದ ತೆಗೆಯಿರಿ. ಫಾರ್ಮಿನಲ್ಲಿ ಹಿಂದಿನ ಡೋಸ್ ಶುರುವಾದ ಹೊತ್ತು, ಮುಗಿದ ಹೊತ್ತು, ರಕ್ತ ತೆಗೆದ ಹೊತ್ತು ಮೂರೂ ಇರಲಿ. ಚಾರ್ಟಿನಲ್ಲಿ ಅಚ್ಚಾದ ಹೊತ್ತಲ್ಲ, ನಿಜವಾದ ಹೊತ್ತು. ಹೊತ್ತು ಗೊತ್ತಿಲ್ಲದ 22 ಅನ್ನುವ ಸಂಖ್ಯೆಯಿಂದ ಯಾವ ಪ್ರಯೋಜನವೂ ಇಲ್ಲ. ಹಿಂದೆ ಟ್ರಫ್ 15ರಿಂದ 20 ಇರಲಿ ಅನ್ನುತ್ತಿದ್ದರು. 2020ರ ಮಾರ್ಗಸೂಚಿಯ ನಂತರ ಗಂಭೀರ ಎಂಆರ್‌ಎಸ್‌ಎ (ಹಲವು ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ) ಸೋಂಕಿನಲ್ಲಿ ಇಡೀ ದಿನದ ಎಯುಸಿ (ದಿನದಲ್ಲಿ ರಕ್ತಕ್ಕೆ ಸಿಕ್ಕ ಒಟ್ಟು ಔಷಧದ ಲೆಕ್ಕ) 400ರಿಂದ 600 ನೋಡುತ್ತಾರೆ. ಅದಕ್ಕೆ ಕೆಲವೊಮ್ಮೆ ಎರಡು ಸ್ಯಾಂಪಲ್ ಬೇಕಾಗುತ್ತದೆ.

ಇನ್ನೊಂದು ಮಾತು. ವ್ಯಾಂಕೊಮೈಸಿನ್ 1 ಗ್ರಾಂ ಹರಿಯಲು ಕನಿಷ್ಠ 60 ನಿಮಿಷ ಬೇಕು, 2 ಗ್ರಾಂಗೆ ಸುಮಾರು 2 ಗಂಟೆ. ವೇಗವಾಗಿ ಬಿಟ್ಟರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಬರುತ್ತದೆ. ಡ್ರಿಪ್ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಶಮನವಾದ ಮೇಲೆ ಅರ್ಧ ವೇಗದಲ್ಲಿ ಮುಂದುವರಿಸಬಹುದು. ಆದರೆ ಚಾರ್ಟಿನಲ್ಲಿ "ವ್ಯಾಂಕೊಮೈಸಿನ್ ಅಲರ್ಜಿ" ಅಂತ ಬರೆದುಬಿಡಬೇಡಿ, ಮುಂದೆ ಬೇಕಾದಾಗ ಆ ಔಷಧವೇ ಕೈತಪ್ಪುತ್ತದೆ. "ವೇಗದಿಂದಾದ ಪ್ರತಿಕ್ರಿಯೆ" ಅಂತ ಬರೆಯಿರಿ. ಉಸಿರು ಕಟ್ಟಿದರೆ, ಬಿಪಿ ಬಿದ್ದರೆ ಮಾತು ಬೇರೆ. ಅದನ್ನು ಅಲರ್ಜಿಯೆಂದೇ ಭಾವಿಸಿ ನಡೆಯಬೇಕು.

ಪ್ರಶ್ನೆ (ಅದೇ ನರ್ಸ್): ಮೂಗಿನ ಟ್ಯೂಬ್ ಇರುವವರಿಗೆ ಎಲ್ಲ ಮಾತ್ರೆ ಕುಟ್ಟಿ ಒಟ್ಟಿಗೆ ಕೊಡಬಹುದಾ?

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್): ಒಟ್ಟಿಗೆ ಬೇಡ. ಒಂದೊಂದನ್ನೂ ಬೇರೆ ಬೇರೆಯಾಗಿ ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕರಗಿಸಿ ಕೊಡಿ. ಶುರುವಿನಲ್ಲಿ, ಕೊನೆಯಲ್ಲಿ 15ರಿಂದ 30 ಮಿಲಿ ನೀರು, ನಡುನಡುವೆ ಸ್ವಲ್ಪ ನೀರು. ನೀರಿನ ನಿರ್ಬಂಧ ಇರುವವರಿಗೆ ಈ ನೀರನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹೆಸರಿನ ಕೊನೆಗೆ ಎಕ್ಸ್ಎಲ್, ಎಸ್ಆರ್, ಇಆರ್ ಅಂತಿದ್ದರೆ ಕುಟ್ಟುವ ಮೊದಲು ಫೋನ್ ಮಾಡಿ. ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಕುಟ್ಟಿದರೆ ದಿನವಿಡೀ ಇಳಿಯಬೇಕಾದದ್ದು ಒಮ್ಮೆಗೇ ಇಳಿದು ಬಿಪಿ ಕುಸಿಯುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮೆಟೊಪ್ರೊಲಾಲ್ ಸಕ್ಸಿನೇಟ್ ಬದಲು ಬೇಗ ಬಿಡುಗಡೆಯಾಗುವ ಟಾರ್ಟ್ರೇಟ್ ತೆಗೆದುಕೊಂಡು, ದಿನದ ಒಟ್ಟು ಡೋಸನ್ನು ಎರಡು ಭಾಗ ಮಾಡಿ ಕೊಡಬಹುದು. ಪ್ಯಾಂಟೊಪ್ರಜೋಲ್ ಮಾತ್ರೆಯ ಹೊರಪದರ ಒಡೆದರೆ ಹೊಟ್ಟೆಯ ಆಮ್ಲದಲ್ಲೇ ಔಷಧ ಹಾಳು. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಟ್ಯೂಬ್ ಫೀಡ್ ಜೊತೆ ಹೋದರೆ ಸರಿಯಾಗಿ ಹೀರಲ್ಪಡುವುದಿಲ್ಲ. ಮೊದಲು ಮತ್ತು ಆಮೇಲೆ 1ರಿಂದ 2 ಗಂಟೆ ಫೀಡ್ ನಿಲ್ಲಿಸಬೇಕು, ಇಲ್ಲದಿದ್ದರೆ "ಡೋಸ್ ಸರಿಯಿದೆ, ಫಿಟ್ಸ್ ನಿಲ್ಲುತ್ತಿಲ್ಲ" ಅನ್ನುವ ಒಗಟು ಎದುರಾಗುತ್ತದೆ.

ಸೇರ್ಪಡೆ (ಐಸಿಯು ಫಾರ್ಮಸಿಸ್ಟ್): ಫೆನಿಟೊಯಿನ್ ಬಂತಲ್ಲ, ಅದಕ್ಕೇ ಇನ್ನೆರಡು ಮಾತು. ಡ್ರಿಪ್‌ನಲ್ಲಿ ಕೊಡುವಾಗ ನಾರ್ಮಲ್ ಸಲೈನ್ ಮಾತ್ರ, ಡೆಕ್ಸ್ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ. ವೇಗ ನಿಮಿಷಕ್ಕೆ 50 ಮಿಗ್ರಾಂ ದಾಟಬಾರದು. ರಕ್ತದಲ್ಲಿನ ಮಟ್ಟ ಓದುವಾಗ ಆಲ್ಬುಮಿನ್ (ಔಷಧವನ್ನು ಹಿಡಿದಿಡುವ ರಕ್ತದ ಪ್ರೊಟೀನ್) ನೋಡದೆ ಡೋಸ್ ಏರಿಸಬೇಡಿ. ಮಟ್ಟ 8 ಬಂತು, ಆಲ್ಬುಮಿನ್ 2 ಇದೆ ಅನ್ನಿ. 8ನ್ನು (0.2 × 2 + 0.1)ರಿಂದ ಭಾಗಿಸಿದರೆ 16. ಬೇಕಾದ ಮಿತಿ 10ರಿಂದ 20, ಅಂದರೆ ಡೋಸ್ ಸರಿಯಾಗೇ ಇದೆ. 8 ನೋಡಿ ಏರಿಸಿದರೆ ರೋಗಿ ತೂರಾಡುತ್ತಾರೆ.

ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. 15 ಶೇಕಡಾದ 10 ಮಿಲಿ ಆ್ಯಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತು. ಗಮನಕ್ಕೆ ಬಾರದ್ದು, ತೂಗುಹಾಕಿದ ಬಾಟಲಿಗೇ ಕೆಳಗಿನ ಪೋರ್ಟಿನಿಂದ ಚುಚ್ಚಿ ಸೇರಿಸುವುದು. ಸಲೈನ್‌ಗಿಂತ ಭಾರವಾದ ಪೊಟ್ಯಾಸಿಯಂ ಅಲ್ಲೇ ತಳದಲ್ಲಿ ನಿಂತು ಮೊದಲ ಕೆಲವು ನಿಮಿಷ ಗಟ್ಟಿಯಾಗೇ ಇಳಿಯುತ್ತದೆ. ಬಾಟಲಿ ಕೆಳಗಿಳಿಸಿ, ಸೇರಿಸಿ, ಕನಿಷ್ಠ ಹತ್ತು ಸಲ ತಲೆಕೆಳಗು ಮಾಡಿ, ಲೇಬಲ್ ಹಚ್ಚಿ, ಆಮೇಲೆ ತೂಗುಹಾಕಿ. ಕೈಯ ರಕ್ತನಾಳದಲ್ಲಾದರೆ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರಬಾರದು.

ಪ್ರಶ್ನೆ (ಫಾರ್ಮ್‌ಡಿ ವಿದ್ಯಾರ್ಥಿ): ಒಂದು ಚಾರ್ಟ್ ಹಾಕಿದರೆ ಸಾಫ್ಟ್‌ವೇರ್ ಹದಿನೈದು ಇಂಟರ್‌ಆ್ಯಕ್ಷನ್ (ಒಂದು ಔಷಧ ಇನ್ನೊಂದರ ಕೆಲಸ ಕೆಡಿಸುವುದು) ತೋರಿಸುತ್ತೆ ಸರ್. ಯಾವುದಕ್ಕೆ ಡಾಕ್ಟರಿಗೆ ಫೋನ್ ಮಾಡಬೇಕು?

ಉತ್ತರ (ಐಸಿಯು ಫಾರ್ಮಸಿಸ್ಟ್): ಹದಿನೈದಕ್ಕೂ ಮಾಡಿದರೆ ಹದಿನಾರನೆಯದಕ್ಕೆ ಫೋನ್ ಎತ್ತುವುದಿಲ್ಲ. ಎರಡೇ ಪ್ರಶ್ನೆ ಕೇಳಿಕೋ: ಮುಂದಿನ ಡೋಸ್ ಒಳಗೆ ಹೋದರೆ ಈ ರೋಗಿಗೆ ಹಾನಿಯಾಗುತ್ತದಾ? ನನ್ನ ಹತ್ತಿರ ಬದಲಿ ದಾರಿ ಇದೆಯಾ?

ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮೇಲಿರುವವರಿಗೆ ಮೆರೊಪೆನೆಮ್ ಬರೆದದ್ದು ಕಂಡರೆ ತಕ್ಷಣ ಫೋನ್. ವಾಲ್‌ಪ್ರೊಯೇಟ್ ಮಟ್ಟ ಒಂದೆರಡು ದಿನದಲ್ಲೇ ಅರ್ಧಕ್ಕಿಂತ ಕೆಳಗೆ ಬೀಳಬಹುದು. ಅದರ ಡೋಸ್ ಏರಿಸಿದರೂ ಮಟ್ಟ ಏರುವುದಿಲ್ಲ. ಮೆರೊಪೆನೆಮ್ ನಿಲ್ಲಿಸಿದ ಮೇಲೂ ಮೊದಲಿನಂತಾಗಲು ಒಂದೆರಡು ವಾರ ಹಿಡಿಯುತ್ತದೆ. ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಒಪ್ಪಿದರೆ ಬೇರೆ ಆ್ಯಂಟಿಬಯೋಟಿಕ್, ಇಲ್ಲವಾದರೆ ಫಿಟ್ಸ್‌ನ ಇನ್ನೊಂದು ಔಷಧ ಲೆವೆಟಿರಸಿಟಮ್ ಸೇರಿಸಿ ಅಂತ ಕೇಳು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ಕೋ-ಟ್ರೈಮಾಕ್ಸಜೋಲ್ ಅಥವಾ ಮೆಟ್ರೊನಿಡಜೋಲ್ ಆ್ಯಂಟಿಬಯೋಟಿಕ್ ಬಂದರೂ ಫೋನ್. ಬದಲಿಸಲು ಆಗದಿದ್ದರೆ ವಾರ್ಫರಿನ್ ಇಳಿಸಿ, 3ರಿಂದ 5 ದಿನದೊಳಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಅನ್ನುವ ಪರೀಕ್ಷೆ) ಮಾಡಿಸಬೇಕು. ಕಬ್ಬಿಣದ ಮಾತ್ರೆ, ಲೆವೊಫ್ಲಾಕ್ಸಸಿನ್ ಒಟ್ಟಿಗಿದ್ದರೆ ಫೋನ್ ಬೇಡ, ಲೆವೊಫ್ಲಾಕ್ಸಸಿನ್ ಕನಿಷ್ಠ 2 ಗಂಟೆ ಮೊದಲು ಹೋಗುವಂತೆ ಸಿಸ್ಟರ್ ಹತ್ತಿರ ವೇಳೆ ಬದಲಿಸಿದರೆ ಮುಗಿಯಿತು.

ಫೋನಿನಲ್ಲಿ "ಸರ್, ಇಂಟರ್‌ಆ್ಯಕ್ಷನ್ ಇದೆ" ಅಂತ ಶುರು ಮಾಡಬೇಡ. "12ನೇ ಬೆಡ್, ವಾರ್ಫರಿನ್ ಮೇಲಿದ್ದಾರೆ, ಇವತ್ತಿನ ಐಎನ್‌ಆರ್ 2.8, ಕೋ-ಟ್ರೈಮಾಕ್ಸಜೋಲ್ ಸಂಜೆ 6ಕ್ಕೆ ಶುರು. ಮೂತ್ರದ ಕಲ್ಚರ್ ನೈಟ್ರೊಫುರಾಂಟಾಯಿನ್‌ಗೆ ಒಪ್ಪುತ್ತದೆ, ಕಿಡ್ನಿ ಸರಿಯಿದೆ, ಬದಲಿಸಬಹುದೇ?" ಇಷ್ಟೇ ಸಾಕು. ಆರ್ಡರ್ ಬದಲಿಸುವ ಅಧಿಕಾರ ಡಾಕ್ಟರದು. ಒಪ್ಪಿದರೂ ಒಪ್ಪದಿದ್ದರೂ ಹೇಳಿದ್ದನ್ನು, ಹೊತ್ತನ್ನು ಫೈಲಿನಲ್ಲಿ ಬರೆ. ಮರುದಿನ ಹೋಗಿ ಚಾರ್ಟ್ ನೋಡು, ಬಾಯಲ್ಲಿ ಒಪ್ಪಿದ್ದು ಚಾರ್ಟಿನಲ್ಲಿ ಬದಲಾಗದೇ ಉಳಿದಿರುವುದು ಅಪರೂಪವೇನಲ್ಲ.

ಪ್ರಶ್ನೆ (ರೋಗಿಯ ಮಗಳು): ನಾಳೆ ಡಿಸ್ಚಾರ್ಜ್. ಹೊರಡುವ ಮುಂಚೆ ವಾರ್ಡಿನ ಫಾರ್ಮಸಿಸ್ಟ್ ಹತ್ತಿರ ಏನು ಕೇಳಲಿ?

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್): ಒಂದು ಹಾಳೆಯಲ್ಲಿ ಮೂರು ಗುಂಪು ಮಾಡಿಸಿಕೊಳ್ಳಿ ಮೇಡಂ: ಮೊದಲಿನಂತೆ ಮುಂದುವರಿಯುವುದು, ಡೋಸ್ ಬದಲಾದದ್ದು ಅಥವಾ ಹೊಸದು, ನಿಲ್ಲಿಸಿದ್ದು. ಹೊಸದಕ್ಕೆಲ್ಲ "ಎಷ್ಟು ದಿನ?" ಅಂತ ಕೇಳಿ. ಐಸಿಯುನಲ್ಲಿ ಹೊಟ್ಟೆ ಹುಣ್ಣಾಗದಿರಲಿ ಅಂತ ಶುರು ಮಾಡಿದ ಪ್ಯಾಂಟೊಪ್ರಜೋಲ್, ರಾತ್ರಿ ನಿದ್ದೆಗೆ ಕೊಟ್ಟ ಮಾತ್ರೆ ಇವು ಕಾರಣ ಮುಗಿದ ಮೇಲೂ ಚೀಟಿಯಲ್ಲಿ ಮನೆಗೆ ಬರುತ್ತವೆ. ಸ್ಟಿರಾಯ್ಡ್ ಇದ್ದರೆ ಯಾವ ದಿನ ಎಷ್ಟಕ್ಕೆ ಇಳಿಸಬೇಕು ಅಂತ ತಾರೀಖು ಹಾಕಿಸಿಕೊಳ್ಳಿ. ಮನೆಯಿಂದ ತಂದ ಹಳೆಯ ಸ್ಟ್ರಿಪ್‌ಗಳ ಚೀಲವನ್ನು ಅವರ ಮುಂದೆಯೇ ಬಿಚ್ಚಿ. ಒಂದೇ ಔಷಧ ಬೇರೆ ಬ್ರಾಂಡ್ ಹೆಸರಿನಲ್ಲಿ ಹೊಸ ಚೀಟಿಯಲ್ಲೂ ಇದ್ದರೆ ಎರಡನ್ನೂ ನುಂಗುವ ಅಪಾಯ ಇರುತ್ತದೆ. ಬೇಡವಾದ ಸ್ಟ್ರಿಪ್‌ಗಳನ್ನು ಅಲ್ಲೇ ಅವರ ಕೈಗೆ ಕೊಟ್ಟು ಬನ್ನಿ.