ಕುಟುಂಬ ವೈದ್ಯರ ಕ್ಲಿನಿಕ್‌ನಿಂದ ಹೋದ ಗ್ಲಾಕೋಮಾ ತಪಾಸಣೆಯ ಕ್ಲೇಮ್‌ಗಳೆಲ್ಲ ತಿರಸ್ಕೃತವಾಗಿವೆ: ಕೋಡ್ ಬದಲಿಸಬಹುದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಿಂದ ಅಮೆರಿಕದ ಟೆಕ್ಸಾಸ್‌ನಲ್ಲಿರುವ ಒಬ್ಬ ಕುಟುಂಬ ವೈದ್ಯರ ಕ್ಲಿನಿಕ್‌ಗೆ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೇನೆ. ಅವರು ಕಣ್ಣಿನ ಒತ್ತಡ ಅಳೆಯುವ ಯಂತ್ರವೊಂದನ್ನು ಕೊಂಡು, 65 ದಾಟಿದ ಸಕ್ಕರೆ ಕಾಯಿಲೆಯವರಿಗೆಲ್ಲ ನರ್ಸ್ ಕೈಯಲ್ಲಿ ಪರೀಕ್ಷೆ ಮಾಡಿಸುತ್ತಿದ್ದಾರೆ. ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ತಪಾಸಣೆಯ ಜಿ0117 ಕೋಡ್ ಮತ್ತು ಝಡ್13.5 ಡಯಾಗ್ನೋಸಿಸ್ (ತಪಾಸಣೆಗಾಗಿ ಬಂದವರು ಎಂಬ ಗುರುತು) ಹಾಕಿ, ಅಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಕಳುಹಿಸಿದ ಕ್ಲೇಮ್‌ಗಳು (ಹಣ ಕೋರುವ ಅರ್ಜಿಗಳು) ಒಂದೂ ಬಿಡದೆ ಸಿಒ 170 ಎಂಬ ಕಾರಣದೊಂದಿಗೆ ಹಿಂದಿರುಗಿವೆ. ಜಿ0118 ಎಂದು ತಿದ್ದಿ ಕಳುಹಿಸಿದರೆ ಹಣ ಬರುತ್ತದೆಯೇ? ಇಲ್ಲವೇ 92100 ಸರಿಹೊಂದುತ್ತದೆಯೇ?

ಉತ್ತರ:
ನಮಸ್ಕಾರ. ದಯವಿಟ್ಟು ಎರಡನ್ನೂ ಮಾಡಬೇಡಿ. ಈ ಬಗೆಯ ಸೇವಾದಾತರು ಬಿಲ್ ಮಾಡಿದರೆ ಈ ಸೇವೆಗೆ ಹಣ ಸಲ್ಲುವುದಿಲ್ಲ ಎಂಬುದೇ 170ರ ಅರ್ಥ. ನೇತ್ರತಜ್ಞರು ಅಥವಾ ಆಪ್ಟೊಮೆಟ್ರಿಸ್ಟ್ (ಕಣ್ಣು, ದೃಷ್ಟಿ ಪರೀಕ್ಷಿಸುವ ಪರವಾನಗಿ ಇರುವವರು) ತಾವೇ ಪರೀಕ್ಷಿಸಿದಾಗ ಜಿ0117, ಅವರ ನೇರ ಮೇಲ್ವಿಚಾರಣೆಯಲ್ಲಿ ಬೇರೊಬ್ಬರು ಪರೀಕ್ಷಿಸಿದಾಗ ಜಿ0118. ಕುಟುಂಬ ವೈದ್ಯರ ಮೇಲ್ವಿಚಾರಣೆ ಇವೆರಡಕ್ಕೂ ಸಾಲದು. ಕಣ್ಣಿನ ವೈದ್ಯರಿಲ್ಲದ ದಿನದ ಪರೀಕ್ಷೆಗೆ ಜಿ0118 ಹಾಕುವುದೆಂದರೆ ನಡೆಯದ ಸಂಗತಿಯನ್ನು ಸರ್ಕಾರಕ್ಕೆ ಬರೆದುಕೊಟ್ಟಂತೆ.

ಇನ್ನೊಂದು ಕೊರತೆಯೂ ಇದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಮೆಡಿಕೇರ್ ಹೇಳುವ ತಪಾಸಣೆಯಲ್ಲಿ ಕಣ್ಣಿಗೆ ಔಷಧಿ ಹಾಕಿ ಪಾಪೆಯನ್ನು ಹಿಗ್ಗಿಸಿ ನೋಡುವುದು, ಒತ್ತಡವನ್ನು ಅಳೆಯುವುದು, ಇವುಗಳ ಜೊತೆಗೆ ನೇರ ಆಫ್ತಾಲ್ಮೋಸ್ಕೋಪ್ ಅಥವಾ ಸ್ಲಿಟ್ ಲ್ಯಾಂಪ್‌ನಿಂದ ಪರೀಕ್ಷಿಸುವುದು, ಇಷ್ಟೂ ಇರಬೇಕು. ಒತ್ತಡ ಸಹಜವಾಗಿದ್ದೂ ಕಣ್ಣಿನ ನರ ಸವೆಯುವ ಗ್ಲಾಕೋಮಾ ಉಂಟು. ಆದ್ದರಿಂದ ಯಂತ್ರದ ಅಂಕಿಯೊಂದನ್ನೇ ನೋಡಿ ರೋಗಿಗೆ ಭರವಸೆ ಕೊಟ್ಟು ಕಳುಹಿಸುವುದು ಅಪಾಯಕರ.

92100 ಒಂದೇ ದಿನದಲ್ಲಿ ಹಲವು ಗಂಟೆಗಳ ಅಂತರದಲ್ಲಿ ಒತ್ತಡವನ್ನು ಮತ್ತೆ ಮತ್ತೆ ಅಳೆಯುವುದಕ್ಕೆ ಇರುವ ಕೋಡ್. ಒಮ್ಮೆ ಅಳೆದದ್ದಕ್ಕೆ ಪ್ರತ್ಯೇಕ ಹಣವಿಲ್ಲ. ವೈದ್ಯರು ಅದೇ ದಿನ ಸಕ್ಕರೆ ಕಾಯಿಲೆಗಾಗಿ ರೋಗಿಯನ್ನು ನೋಡಿ ಟಿಪ್ಪಣಿ ಬರೆದಿದ್ದರೆ ಸಾಮಾನ್ಯ ಭೇಟಿಯ ಕೋಡ್ ಆದ 99213 ಅಥವಾ 99214 ತನ್ನ ಅರ್ಹತೆಯಿಂದಲೇ ಸಲ್ಲುತ್ತದೆ, ಈ ಅಳತೆ ಅದರೊಳಗೇ ಸೇರಿಹೋಗುತ್ತದೆ.

ಮರುಪ್ರಶ್ನೆ:
ತುಂಬಾ ಧನ್ಯವಾದಗಳು ಮೇಡಂ. ಹಾಗಾದರೆ ಈ ಮೊತ್ತವನ್ನು ರೋಗಿಗಳಿಂದ ಪಡೆಯಬಹುದೇ ಎಂದು ಕ್ಲಿನಿಕ್‌ನವರು ಕೇಳುತ್ತಿದ್ದಾರೆ. ಗುರುವಾರಗಳಂದು ಒಬ್ಬ ಆಪ್ಟೊಮೆಟ್ರಿಸ್ಟ್ ಅವರಲ್ಲಿಗೆ ಬರುತ್ತಾರಂತೆ, ಅದರಿಂದ ಉಪಯೋಗವಿದೆಯೇ?

ಉತ್ತರ:
ಪಡೆಯುವಂತಿಲ್ಲ. 170ರ ಹಿಂದಿರುವ ಸಿಒ ಎಂಬ ಗುರುತೇ ಹೊಣೆ ಕ್ಲಿನಿಕ್‌ನದು ಎನ್ನುತ್ತದೆ. ಯಾರಿಗಾದರೂ ಈಗಾಗಲೇ ಬಿಲ್ ಹೋಗಿದ್ದರೆ ಇಂದೇ ಹಿಂಪಡೆಯಲು ಹೇಳಿ. ಪಿಂಚಣಿಯಲ್ಲಿ ಬದುಕುವ ಹಿರಿಯರು ತಮ್ಮದಲ್ಲದ ತಪ್ಪಿಗೆ ಹಣ ಕಟ್ಟಬಾರದು.

ಗುರುವಾರದ ವಿಷಯ ತಿಳಿದು ಸಂತೋಷವಾಯಿತು, ಏಕೆಂದರೆ ಪರಿಹಾರ ಅಲ್ಲಿಯೇ ಇದೆ. ಆಪ್ಟೊಮೆಟ್ರಿಸ್ಟ್ ಅದೇ ಕೊಠಡಿಯಲ್ಲಿ ಇರಬೇಕೆಂದಿಲ್ಲ, ಆದರೆ ಪರೀಕ್ಷೆ ಮುಗಿಯುವವರೆಗೂ ಆ ಕಚೇರಿಯಲ್ಲೇ ಇದ್ದು ಕರೆದೊಡನೆ ಬರುವಂತಿರಬೇಕು. ಅಂದು ಪೂರ್ಣ ತಪಾಸಣೆ ನಡೆದರೆ, ಅವರ ಹೆಸರಿನಲ್ಲಿ ಮೆಡಿಕೇರ್ ನೋಂದಣಿ ಇದ್ದರೆ, ಜಿ0117 ಅಥವಾ ಜಿ0118 ಅನ್ನು ಅವರದೇ ಎನ್‌ಪಿಐ (ಸೇವಾದಾತರ ಗುರುತಿನ) ಸಂಖ್ಯೆಯಲ್ಲಿ ಕಳುಹಿಸಿ.

ಅದಕ್ಕೆ ಮೊದಲು ಅರ್ಹತೆಯನ್ನು ನೋಡಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಗ್ಲಾಕೋಮಾ ಇರುವವರು, 50 ತುಂಬಿದ ಆಫ್ರಿಕನ್ ಅಮೆರಿಕನ್ನರು, 65 ತುಂಬಿದ ಹಿಸ್ಪಾನಿಕ್ ಮೂಲದವರು ಮಾತ್ರ ಇದಕ್ಕೆ ಬರುತ್ತಾರೆ. ಆ ಕಾರಣ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿರಲಿ. ಹಿಂದಿನ ತಪಾಸಣೆಯ ತಿಂಗಳು ಕಳೆದ ಮೇಲೆ 11 ಪೂರ್ಣ ತಿಂಗಳುಗಳು ಆಗಿರಬೇಕು. ಇದು ಉಚಿತ ಸೇವೆಯೂ ಅಲ್ಲ: ಮೆಡಿಕೇರ್‌ನ ವೈದ್ಯರ ಸೇವೆಯ ಭಾಗವಾದ ಪಾರ್ಟ್ ಬಿಯ ಡಿಡಕ್ಟಿಬಲ್ (ವಿಮೆ ಕೊಡಲು ಆರಂಭಿಸುವ ಮುನ್ನ ರೋಗಿಯೇ ಕಟ್ಟಬೇಕಾದ ವಾರ್ಷಿಕ ಮೊತ್ತ) ಮುಗಿದ ಮೇಲೂ ಶೇ. 20 ಪಾಲು ರೋಗಿಯದೇ ಆಗಿರುವುದರಿಂದ, ಅದನ್ನು ಅಪಾಯಿಂಟ್‌ಮೆಂಟ್ ಕೊಡುವಾಗಲೇ ತಿಳಿಸುವುದು ಒಳ್ಳೆಯದು.

ಕೊನೆಯದಾಗಿ, ಈವರೆಗೆ ನರ್ಸ್ ಒತ್ತಡ ಮಾತ್ರ ನೋಡಿ ಕಳುಹಿಸಿದ ರೋಗಿಗಳ ಪಟ್ಟಿ ನಿಮ್ಮ ತಿರಸ್ಕೃತ ಕ್ಲೇಮ್‌ಗಳಲ್ಲೇ ಸಿದ್ಧವಾಗಿದೆ. ಅದನ್ನು ಕ್ಲಿನಿಕ್‌ಗೆ ಕಳುಹಿಸಿ, ಅವರನ್ನೆಲ್ಲ ಒಬ್ಬೊಬ್ಬರಾಗಿ ಗುರುವಾರಕ್ಕೆ ಕರೆಸಲು ಹೇಳಿ.